ದ್ಯಾಮವ್ವನ ಬಾಯಿತುಂಬ ಎಲಿ-ಅಡಿಕಿ

“ಇನ್ನಷ್ಟು ನುಣ್ಣಗ ಕುಟ್ಟಬೇ, ಆಕಿಗೆ ಹಲ್ಲಿಲ್ಲ,” ಎಂದಳು ಮಗಳು ಅಮೃತವ್ವ ಅಳುತ್ತಲೇ.

ನೆರೆಮನೆಯ ತಿಪ್ಪವ್ವ ಕುಟ್ಟಾಣಿಯಲ್ಲಿ ಎಲೆ, ಅಡಿಕೆ, ಕಾಚು ಹಾಕಿ ಜಜ್ಜುತ್ತಿದ್ದಳು. ಬೆಟಗೇರಿಯ ಈ ನೇಕಾರ ಓಣಿಯಲ್ಲಿ ಸತ್ತವರ ಬಾಯಿಗೆ ತಾಂಬೂಲ ಇಡದೆ ಮಣ್ಣಿಗೆ ಒಯ್ಯುವುದಿಲ್ಲ. ಗೋಡೆಗೆ ಒರಗಿಸಿ ಕೂಡಿಸಿದ ದ್ಯಾಮವ್ವನ ಕೊರಳಲ್ಲಿ ಹಾರ, ಹಣೆಯ ಮೇಲೆ ವಿಭೂತಿ. ಜೀವವಿದ್ದಾಗ ಇಷ್ಟು ಹೊತ್ತು ಸುಮ್ಮನೆ ಕೂತ ಹೆಂಗಸೇ ಅಲ್ಲ ಅದು!

ಈ ಮನೆಯಲ್ಲಿ ಮಕ್ಕಳ ಮಾತು ಟೇಪು ಮಾಡುವ ವಿಮಲಾಬಾಯಿಯ ಕಣ್ಣು ಮಾತ್ರ ಮಗ್ಗದ ಕಂಬ ತಬ್ಬಿ ನಿಂತ ಕೂಸಿನ ಮೇಲಿತ್ತು. ಅಮೃತವ್ವನ ಮಗಳು, ನಾಲ್ಕು ವರ್ಷದ ರೇಣುಕಾ. ನಿನ್ನೆ ಮುಂಜಾನೆ ಅಜ್ಜಿ ಕಣ್ಣು ಮುಚ್ಚಿದಾಗ ಹತ್ತಿರ ಇದ್ದದ್ದು ಆ ಕೂಸೊಂದೇ. ಆಗಿನಿಂದ ಅದು ಅತ್ತಿಲ್ಲ, ಉಂಡಿಲ್ಲ, ತುಟಿ ಬಿಚ್ಚಿಲ್ಲ.

“ಅಜ್ಜಿ ಅನ್ನವಾ! ಒಮ್ಮೆರ ಅನ್ನು!” ಎಂದು ಹೆಂಗಸರು ಗಲ್ಲ ಹಿಡಿದು ಅಲುಗಿಸುತ್ತಿದ್ದರು. ಅವರು ಅಲುಗಿಸಿದಷ್ಟೂ ಅದರ ಬಾಯಿ ಬಿಗಿಯಿತು.

“ಇದರ ಬಾಯಿ ಹೋತೇನ್ರಿ, ಅಕ್ಕಾರ?” ಅಮೃತವ್ವ ವಿಮಲಾಬಾಯಿಯ ಕೈ ಹಿಡಿದಳು. “ಅವ್ವನೂ ಹೋದ್ಲು, ಕೂಸಿನ ಮಾತೂ ಹೋದ್ರ ನಾ ಹೆಂಗ ಬದುಕಲಿ? ನೀವು ಮಕ್ಕಳ ಮಾತಿನ ಮ್ಯಾಲೇ ಓದಿದವರು. ಏನರ ಮಾಡ್ರಿ.”

ಏನು ಮಾಡಿಯಾಳು? ಮಕ್ಕಳು ಆಡಿದ ಮಾತು ಹಿಡಿದಿಡುವುದು ಅವಳ ಕೆಲಸ. ಆಡದ ಮಾತನ್ನು ಆಡಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ.

*

ಎಪ್ಪತ್ತೇಳನೇ ಇಸವಿಯಲ್ಲಿ ವಿಶ್ವವಿದ್ಯಾಲಯದ ಮಕ್ಕಳ ಭಾಷಾ ಸಂಶೋಧನೆಗೆಂದು ಅವಳು ಇಲ್ಲಿಗೆ ಬಂದಳು. ಜೊತೆಗೆ ಟೇಪ್ ರೆಕಾರ್ಡರ್ ನೋಡಿಕೊಳ್ಳುವ ಅಲ್ಲಾಸಾಬ. ದ್ಯಾಮವ್ವ ಮುಂಗೋಣೆ ಬಿಟ್ಟುಕೊಟ್ಟಳು, ಓಣಿಯ ಮಕ್ಕಳನ್ನು ಕರೆತಂದು ಕೂಡಿಸುವ ಕೆಲಸಕ್ಕೂ ನಿಂತಳು. ಓಣಿಯವರು ಅದಕ್ಕೆ ‘ಮಾತಿನ ಆಫೀಸು’ ಎಂದು ಹೆಸರಿಟ್ಟರು. ನಿಯಮ ಒಂದೇ. ದೊಡ್ಡವರು ಕೂಸಿನ ಬಾಯಲ್ಲಿ ಮಾತು ತುರುಕಬಾರದು, ಅದು ಕೇಳಿದ್ದಕ್ಕೆ ಉತ್ತರವನ್ನೂ ಕೊಡಬಾರದು.

ಅಯ್ಯೋ, ದ್ಯಾಮವ್ವನಿಗೆ ಅದು ಸಾಧ್ಯವೇ? ಕೂಸು ಬಾಯಿ ತೆರೆಯುವುದರೊಳಗೆ ಅದರ ಅಪ್ಪ-ಅಜ್ಜಂದಿರ ಕತೆಯನ್ನೆಲ್ಲ ಅವಳೇ ಹೇಳಿ ಮುಗಿಸುತ್ತಿದ್ದಳು. ಟೇಪು ಕೇಳಿದ ಪ್ರಾಧ್ಯಾಪಕರು ಹೌಹಾರಿದರು. “ಇದು ಮಕ್ಕಳ ಮಾತೋ, ಮುದುಕಿಯ ಪುರಾಣವೋ? ಬೇರೆ ಓಣಿ ನೋಡಿ. ಆಗದಿದ್ದರೆ ಕೆಲಸವನ್ನೇ ನಿಲ್ಲಿಸಿ.”

ವಿಮಲಾಬಾಯಿ ಹಿತ್ತಲಿಗೆ ಹೋಗಿ ಅತ್ತಳು. ಬೇರೆ ಓಣಿ ಎಲ್ಲಿತ್ತು? ಇಲ್ಲಿ ದ್ಯಾಮವ್ವ ಮನೆಮನೆ ತಿರುಗಿ, “ಅರ್ಧಾ ತಾಸು ಮಗ್ಗ ನಿಂದರಸ್ರೋ, ನಮ್ಮಕ್ಕಾರ ಮಿಷನ್ನಿಗೆ ಬರೇ ಖಟಖಟ ಕೇಳಸ್ತೈತಿ,” ಎಂದರೆ ಇಡೀ ಸಾಲು ಮಗ್ಗ ನಿಲ್ಲುತ್ತಿದ್ದವು. ಹೊಟ್ಟೆಪಾಡಿನ ಕೆಲಸ ಅದು. ಇನ್ನಾರ ಮಾತಿಗೆ ನಿಂತಾವು?

“ಯಾಕ ಅಳ್ತೀರಿ?” ದ್ಯಾಮವ್ವ ಹಿಂದೆಯೇ ಬಂದಿದ್ದಳು. “ನನ್ನ ಬಾಯಿ ಮುಚ್ಚೋದು ನನ್ನ ಕೈಲೆ ಆಗಂಗಿಲ್ಲ. ತುಂಬಿಸಿ ಇಡ್ತೀನಿ, ಆತಿಲ್ಲೊ?”

ಮರುದಿನ ಅಲ್ಲಾಸಾಬ ಗುಂಡಿ ಒತ್ತುವ ಮೊದಲು ಅವಳು ಕುಟ್ಟಿದ ಎಲೆ-ಅಡಿಕೆಯನ್ನು ದವಡೆಗೆ ತುಂಬಿಕೊಂಡಳು. ಗಲ್ಲ ಉಬ್ಬಿತು, ಮಾತು ನಿಂತಿತು. ಬರೀ ಹುಬ್ಬು ಹಾರಿಸುವುದು, ಗೋಣು ಹಾಕುವುದು. ಆ ಉಬ್ಬಿದ ಗಲ್ಲದ ಮುಂದೆ ಮಕ್ಕಳು ಹೊಟ್ಟೆಯಲ್ಲಿದ್ದುದನ್ನೆಲ್ಲ ಸುರುವಿದವು. ಯಂತ್ರ ನಿಂತದ್ದೇ ತಡ, ಅವಳು ಅಂಗಳಕ್ಕೋಡಿ ಉಗುಳಿ ಬಂದು, ತಡೆದಿಟ್ಟ ಮಾತನ್ನೆಲ್ಲ ಒಂದೇ ಉಸಿರಿಗೆ ಆಡುವಳು. ಅಲ್ಲಾಸಾಬ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುವನು.

ರೇಣುಕಾ ಮಾತು ಕಲಿತದ್ದು ಆ ಕೋಣೆಯಲ್ಲೇ. ಅಜ್ಜಿಯ ಗಲ್ಲ ಉಬ್ಬಿತೆಂದರೆ ಮಾತಿನ ಸರದಿ ತನ್ನದು ಎಂದು ಆ ಕೂಸಿಗೆ ಗೊತ್ತಿತ್ತು.

ತನ್ನ ಅನ್ನ ಆ ಮುದುಕಿಯ ದವಡೆಯೊಳಗಿತ್ತು ಎಂದು ವಿಮಲಾಬಾಯಿಗೆ ಗೊತ್ತಿತ್ತು. ಒಮ್ಮೆಯಾದರೂ ಹೇಳಬೇಕಿತ್ತು. ಹೇಳಹೋದರೆ ಆ ಪುಣ್ಯಾತ್ಗಿತ್ತಿ ನಡುವೆ ಬಾಯಿ ಹಾಕದೆ ಬಿಡುತ್ತಿದ್ದಳೇ!

*

ತಿಪ್ಪವ್ವ ತುಟಿ ಸರಿಸಿ ತಾಂಬೂಲವನ್ನು ದವಡೆಗೆ ಒತ್ತಿದಳು. ದ್ಯಾಮವ್ವನ ಎಡಗಲ್ಲ ಉಬ್ಬಿತು.

ರೇಣುಕಾ ಕಂಬ ಬಿಟ್ಟಳು. ಹೆಂಗಸರ ನಡುವೆ ನುಸುಳಿ ಬಂದು, ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

“ಏನವಾ, ಏನಂತಿ...” ಎಂದು ಯಾರೋ ಶುರುಮಾಡಿದರು. ವಿಮಲಾಬಾಯಿ ಕೈ ಎತ್ತಿದಳು. ಬಾಗಿಲಲ್ಲಿದ್ದ ಅಲ್ಲಾಸಾಬನಿಗೆ ಆ ಕೈಯ ಅರ್ಥ ಯಾರೂ ಹೇಳಬೇಕಿರಲಿಲ್ಲ. ಅವನು ಹೊರಗೋಡಿ ಭಜನೆಯವರ ತಾಳ ನಿಲ್ಲಿಸಿದ.

ಓಣಿಯ ಹಿರಿಯ ಕುಬೇರಪ್ಪ ಒಳಗೆ ಇಣುಕಿದ. “ಹೊತ್ತಾಗತೈತ್ರಿ. ಮಸಣದಾಗ ಕುಣಿ ತಗದು ಕುಂತಾರ.”

“ತುಸು ತಡೀರಿ, ಯಜಮಾನ್ರ,” ವಿಮಲಾಬಾಯಿ ಪಿಸುಗುಟ್ಟಿದಳು. “ಕೂಸು ಮಾತಾಡೂದೈತಿ.”

ಕುಬೇರಪ್ಪ ರುಮಾಲು ತೆಗೆದು ಹೊಸ್ತಿಲ ಮೇಲೆ ಕೂತುಬಿಟ್ಟ.

“ಅಜ್ಜೀ,” ಎಂದಳು ರೇಣುಕಾ.

ಅಮೃತವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

“ಬೆಕ್ಕು ಮರಿ ಹಾಕೇತಿ. ಒಂದು ಕರೇದು. ಕಣ್ಣಽ ತಗದಿಲ್ಲ ಅದು.” ಕೂಸು ತಡೆಯಿತು. ಯಾರೂ ಮಿಸುಕಲಿಲ್ಲ. “ನೀ ನೀರು ಕೇಳಿದಿ. ನಾ ಮರಿ ನೋಡಕೋತ ಕುಂತೆ. ಆಮ್ಯಾಲೆ ತಂದೆ, ನೀ ಮಕ್ಕೊಂಡಿದ್ದಿ. ಎಬ್ಬಿಸಿದೆ, ಏಳಲಿಲ್ಲ. ಸಿಟ್ಟಾಗೀಯೇನಬೇ?”

ಅಜ್ಜಿ ಗೋಣು ಹಾಕುವುದನ್ನು ಅವಳು ಕಾದಳು. ಆ ಗೋಣು ಅಲುಗಲಿಲ್ಲ. ರೇಣುಕಾ ವಿಮಲಾಬಾಯಿಯ ಕಡೆ ತಿರುಗಿದಳು.

ಇಷ್ಟು ವರ್ಷ ಈ ಮನೆಯಲ್ಲಿ ಯಂತ್ರದ ಮುಂದೆ ಕೂಸು ಕೇಳಿದ್ದಕ್ಕೆ ವಿಮಲಾಬಾಯಿ ಉತ್ತರ ಕೊಟ್ಟವಳಲ್ಲ. ಈಗ ಮಂಡಿಯೂರಿ ಕೂತು ಹೇಳಿದಳು. “ಇಲ್ಲವ್ವಾ. ನಿಮ್ಮಜ್ಜಿ ನಿನ್ನ ಮ್ಯಾಲೆ ಎಂದಾದ್ರೂ ಸಿಟ್ಟಾಗ್ಯಾಳೇನು? ನೀ ನೀರು ತಂದೀ ಅಲ್ಲ? ಈಗ ಕುಡಸು.”

ಅಮೃತವ್ವ ಲೋಟ ತುಂಬಿ ತಂದಳು. ಕೂಸು ಎರಡೂ ಕೈಯಲ್ಲಿ ಹಿಡಿದು, ಅಜ್ಜಿಯ ತುಟಿಗೆ ತಾಗಿಸಿ ಮೆಲ್ಲಗೆ ಬಗ್ಗಿಸಿತು. ಒಳಗೆ ನಿಲ್ಲದ ನೀರು ಎಲೆಯ ಕೆಂಪು ಹೊತ್ತು ಗದ್ದದ ಮೇಲೆ ಇಳಿಯಿತು.

“ಚೆಲ್ಲಬ್ಯಾಡಬೇ,” ಎಂದು ಗದರಿ, ರೇಣುಕಾ ತನ್ನ ಲಂಗದ ಅಂಚಿನಿಂದ ಒರೆಸಿದಳು.