ಮೂವತ್ತನೇ ಜೇಬು

ಪರೀಕ್ಷೆ ಸಂಜೆ ಐದಕ್ಕೆ ಎಂದು ತಿಳಿದಾಗಲೇ ಜೇಬಕ್ಕನ ಎದೆ ಧಸಕ್ಕೆಂದಿತ್ತು. ಬೆಳಿಗ್ಗೆ ಇಟ್ಟಿದ್ದರೆ ಕಣ್ಣು ಮುಚ್ಚಿಕೊಂಡು ಹೊಲಿದು ಎದ್ದು ಬರುತ್ತಿದ್ದಳು. ಹೊತ್ತು ಇಳಿದ ಮೇಲೆ ಅವಳ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ.

ಆ ಹೊಲಿಗೆ ಘಟಕದಲ್ಲಿ ಹತ್ತೊಂಬತ್ತು ವರ್ಷದಿಂದ ಅಂಗಿಗೆ ಜೇಬು ಕೂರಿಸುವುದೇ ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಮೀನಖಂಡದೊಳಗೆ ಇರುವೆ ಸಾಲು ಹರಿದಂತಾಗುವ ಕಾಟ ಮೂರು ವರ್ಷದ್ದು. ಆದರೆ ಕಾಲಲ್ಲಿ ತುಳಿಯುವ ಮೆಷಿನ್ನಿನ ಮುಂದೆ ಕೂತಿರುವಷ್ಟು ಹೊತ್ತು ಅದರ ಸುಳಿವೇ ಇರುತ್ತಿರಲಿಲ್ಲ. ಕಾಲಿಗೆ ಬೇಕಾದ ಅಲುಗಾಟ ಅಲ್ಲಿ ಸಿಗುತ್ತಿತ್ತು. ಕಾಟವೆಲ್ಲ ಮನೆಗೆ ಹೋಗಿ ಮಲಗಿದ ಮೇಲೆ. "ಮದುವೆಯಾದ ಹೊಸದರಲ್ಲಿ ಕಣ್ಣಲ್ಲೇ ಮಾತಾಡ್ತಿದ್ಲು, ಈಗ ಒದ್ದೇ ಮಾತಾಡ್ತಾಳೆ" ಎಂದು ಗಂಡ ಹಾಸಿಗೆ ಎತ್ತಿಕೊಂಡು ಹೊರಗಿನ ಕೋಣೆ ಸೇರಿದ್ದ. ನಿದ್ದೆಗೆಟ್ಟು ಅವಳ ಮುಖ ಬಿಳುಚಿತ್ತು. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತಿದ್ದಳು, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು ಬರುತ್ತಿತ್ತು.

ಈಗ ತುಳಿಯುವ ಎಂಟು ಮೆಷಿನ್‌ಗಳನ್ನು ತೆಗೆದು ಮೋಟಾರಿನ ಆರನ್ನು ತಂದಿದ್ದರು. ಇಬ್ಬರು ಮನೆಗೆ ಹೋಗಲೇಬೇಕು, ಯಾರೆಂದು ಗೊತ್ತಾಗಲು ಈ ಪರೀಕ್ಷೆ. ನಲವತ್ತು ನಿಮಿಷ, ಕನಿಷ್ಠ ಮೂವತ್ತು ಒಳ್ಳೆಯ ಜೇಬು. ಮೋಟಾರಿನ ಪೆಡಲ್ ಮೇಲೆ ಪಾದ ಸ್ವಲ್ಪ ಒತ್ತಿದರೂ ಸಾಕು, ಸೂಜಿ ನಿಮಿಷಕ್ಕೆ ನಾಲ್ಕು ಸಾವಿರ ಸಲ ಇಳಿಯುತ್ತದೆ. ಬೆರಳು ಅದರ ಪಕ್ಕದಲ್ಲೇ ಇರುತ್ತದೆ.

ಹಿಂದಿನ ದಿನ ಅರ್ಧ ದಿನ ರಜೆ ಹಾಕಿ ಕ್ಲಿನಿಕ್ಕಿಗೆ ಹೋಗಿದ್ದಳು. ಡಾಕ್ಟರಮ್ಮ ನಗಲಿಲ್ಲ, ಅದೇ ದೊಡ್ಡದು. "ಸುಮ್ನೆ ಕೂತಾಗ ಜಾಸ್ತಿನಾ? ಓಡಾಡಿದ್ರೆ ಕಮ್ಮಿ ಆಗುತ್ತಾ? ಸಂಜೆ ಮೇಲೆ ಏರುತ್ತಾ?" ಎಲ್ಲಕ್ಕೂ ಹೌದು. "ಇದು ಕಾಲು ಸುಮ್ಮನಿರಲಾರದ ಕಾಯಿಲೆ, ಇದಕ್ಕೆ ಹೆಸರಿದೆ, ನಿಮ್ಮ ಭ್ರಮೆ ಅಲ್ಲ" ಎಂದು ರಕ್ತ ತೆಗೆಸಿದ್ದರು. ಕೊನೆಗೆ ಕೇಳಿದ್ದರು: "ಮಾತ್ರೆ ಏನಾದ್ರೂ ತಗೋತೀರಾ?"

"ಇಲ್ಲ ಡಾಕ್ಟ್ರೇ."

ಅವಳು ಸುಳ್ಳು ಹೇಳಿರಲಿಲ್ಲ. ನೂಲಿನ ಧೂಳಿಗೆ ಮೂಗು ಸೋರಿದರೆ ನುಂಗಲು ಘಟಕದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಹಳದಿ ಮಾತ್ರೆ ಇಟ್ಟಿದ್ದರು. ಅಲ್ಲಿ ಅದನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಕತ್ತರಿ, ಬಾಬಿನ್‌ನಂತೆ ಅದೂ ಒಂದು ಸಾಮಾನು. ಪೆಟ್ಟಿಗೆಯ ಕೀಲಿ ಪ್ಯಾಕಿಂಗಿನಲ್ಲಿದ್ದ ಅವಳ ಓರಗಿತ್ತಿಯ ಬಳಿ ಇತ್ತು. ಧೂಳಿಗೆಂದು ಅದನ್ನು ತಿಂದವರೆಲ್ಲ ತೂಕಡಿಸುವುದನ್ನು ನೋಡಿ, ಜೇಬಕ್ಕನಿಗೆ ನಿದ್ದೆ ಬರಲಿ ಎಂದು ದಿನಾ ರಾತ್ರಿಗೆ ಒಂದು ಕೊಡುತ್ತಿದ್ದಳು. ಕಾಲಿನ ಕಾಟ ಜಾಸ್ತಿಯಾಯಿತೆಂದಾಗ ಎರಡು ಮಾಡಿದ್ದಳು.

ಪರೀಕ್ಷೆಯ ದಿನ ನಾಲ್ಕೂವರೆಗೆ ಓರಗಿತ್ತಿ ನೀರಿನ ಲೋಟ ಹಿಡಿದು ಬಂದಳು.

"ಅಕ್ಕ, ಹೆದ್ರಿಬಿಟ್ಟಿದೀಯ ನೀನು. ಒಂದು ಹಾಕ್ಕೋ, ತಣ್ಣಗಾಗ್ತೀಯ."

"ಹಗಲು ಹೊತ್ತಲ್ಲಿ ಬೇಡ ಕಣೆ."

"ಒಂದೇ ಒಂದು."

ಜೇಬಕ್ಕ ನುಂಗಿದಳು.

ಐದಕ್ಕೆ ಗಂಟೆ ಹೊಡೆಯಿತು. ಸೂಪರ್‌ವೈಸರ್ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟ. ಮೊದಲ ಹದಿನೈದು ಜೇಬು ನೀರು ಕುಡಿದಷ್ಟು ಸಲೀಸಾಗಿ ಬಂದವು. ಹದಿನಾರಕ್ಕೆ ರೆಪ್ಪೆ ಭಾರವಾಯಿತು. ಹದಿನೆಂಟಕ್ಕೆ ಇರುವೆಗಳು ಎದ್ದವು. ಎಡಗಾಲನ್ನು ಸ್ಟೂಲಿನ ಕಾಲಿಗೆ ತಿಕ್ಕಿದಳು. ಬಲಗಾಲನ್ನು ಏನು ಮಾಡುವುದು? ಅದು ಪೆಡಲ್ ಮೇಲಿತ್ತು. ಹಲ್ಲು ಕಚ್ಚಿ ಇಪ್ಪತ್ಮೂರು ಮುಗಿಸಿದಳು. ಇಷ್ಟು ಬೇಗ, ಇಷ್ಟು ಜೋರಾಗಿ ಅದು ಎಂದೂ ಬಂದಿರಲಿಲ್ಲ.

ಇಪ್ಪತ್ನಾಲ್ಕನೆಯದರ ಮೂಲೆ ತಿರುಗಿಸುವಾಗ ಕಾಲು ತಾನಾಗಿ ಒದೆಯಿತು. ಹಳೆಯ ಕಸುಬಿನ ಕೈಗಳು, ಅವಳಿಗಿಂತ ಮೊದಲೇ ಹಿಂದೆ ಸರಿದವು. ಮೆಷಿನ್ ಒಬ್ಬಂಟಿಯಾಗಿ ಗುರ್ರೆಂದು ಜೇಬಿನ ಉದ್ದಕ್ಕೂ ಓಡಿ, ಸೂಜಿ ಪಟ್ಟೆಂದು ಮುರಿಯಿತು.

"ಒಂದು ಹೋಯ್ತು" ಎಂದ ಸೂಪರ್‌ವೈಸರ್. "ಐದೂ ಇಪ್ಪತ್ತೈದು."

ಮತ್ತೆ ಕೂತರೆ ಮತ್ತೆ ಒದೆಯುತ್ತದೆ. ಆಗ ಕೈ ಸರಿಯುತ್ತದೋ ಇಲ್ಲವೋ. ಜೇಬಕ್ಕ ಎದ್ದು ನಿಂತಳು. ನಿಂತದ್ದೇ ತಡ, ಇರುವೆಗಳು ಅರ್ಧ ಇಳಿದವು.

"ಎಣ್ಣೆಮಾಮ, ಮೇಜು ಎತ್ತರ ಮಾಡ್ಕೊಡ್ತೀಯಾ? ನಿಂತು ಹೊಲಿತೀನಿ."

ಮೆಷಿನ್‌ಗಳಿಗೆ ಎಣ್ಣೆ ಬಿಡುವ ಮುದುಕ ಸೂಪರ್‌ವೈಸರನ ಮುಖ ನೋಡಿದ.

"ನಿಂತ್ಕೊಂಡು ಹೊಲಿಯೋಕೆ ಇದೇನು ಬಸ್ಸಾ?" ಎಂದ ಸೂಪರ್‌ವೈಸರ್.

"ಕೂತೇ ಹೊಲಿಬೇಕು ಅಂತ ನೋಟೀಸಲ್ಲಿ ಇಲ್ಲ ಸಾರ್. ನಾಲ್ಕು ಸಲ ಓದಿದೀನಿ."

"ಗಡಿಯಾರ ನಿಲ್ಲಲ್ಲ, ನೆನಪಿರ್ಲಿ."

ಎಣ್ಣೆಮಾಮ ಸ್ಪ್ಯಾನರ್ ಹಿಡಿದು ಮೇಜಿನಡಿ ನುಗ್ಗಿದ. ನಾಲ್ಕು ಬೋಲ್ಟಿನಲ್ಲಿ ಒಂದು ತುಕ್ಕು ಹಿಡಿದಿತ್ತು. "ಬಾರೋ ನನ್ನಪ್ಪಾ" ಎಂದು ಅದರ ಕಾಲು ಹಿಡಿದವನಂತೆ ಬೇಡಿಕೊಂಡ. ಮೇಜು ಎದ್ದು, ಹೊಸ ಸೂಜಿ ಕೂತಾಗ ಐದೂ ಮೂವತ್ತೊಂದು. ಒಂಬತ್ತು ನಿಮಿಷ, ಏಳು ಜೇಬು.

ಎಡಗಾಲಿನ ಹಿಮ್ಮಡಿ ಎತ್ತಿ ಇಳಿಸುತ್ತ, ಪ್ರತಿ ಜೇಬಿನ ನಡುವೆ ಎರಡೂ ಪಾದ ಕುಟ್ಟುತ್ತ ಹೊಲಿದಳು. ರೆಪ್ಪೆ ಮುಚ್ಚಿಕೊಳ್ಳುವಾಗ ತುಟಿ ಕಚ್ಚಿದಳು. ಪಕ್ಕದ ಮೆಷಿನ್‌ಗಳೆಲ್ಲ ಮುಗಿದು ಕೋಣೆಯಲ್ಲಿ ಅವಳದೊಂದೇ ಸದ್ದು. ಕೊನೆಯ ದಾರ ಕತ್ತರಿಸಿದಾಗ ಕೈಗಡಿಯಾರಕ್ಕೆ ಇನ್ನೂ ಹನ್ನೊಂದು ಸೆಕೆಂಡು ಉಳಿದಿತ್ತು.

ಸೂಪರ್‌ವೈಸರ್ ಎರಡು ಸಲ ಎಣಿಸಿದ. "ಮೂವತ್ತು. ಆದ್ರೆ ಜೇಬಕ್ಕ, ದಿನಾ ಹೀಗೆ ಕುಣಿತಾ ಹೊಲಿತೀನಿ ಅಂದ್ರೆ ನಾನು ಮೇಲಿನವರಿಗೆ ಏನು ಹೇಳ್ಲಿ? ನಾಳೆ ಬೆಳಿಗ್ಗೆ ಡಾಕ್ಟ್ರ ಪತ್ರ ತನ್ನಿ. ಇಲ್ದಿದ್ರೆ ನಿಮ್ಮ ಜಾಗಕ್ಕೆ ಏಳನೇ ಸ್ಥಾನದವಳನ್ನ ತಗೋತೀನಿ."

ಕ್ಲಿನಿಕ್ ಏಳರವರೆಗೆ ಇತ್ತು. ಓರಗಿತ್ತಿಯೂ ಜೊತೆಗೆ ಬಂದಳು. ಡಾಕ್ಟರಮ್ಮ ರಕ್ತದ ವರದಿ ತಿರುಗಿಸಿ ತೋರಿಸಿದರು. "ಮೈಯಲ್ಲಿರೋ ಕಬ್ಬಿಣದ ದಾಸ್ತಾನು ಒಂಬತ್ತು. ಈ ಕಾಯಿಲೆಯವರಿಗೆ ಎಪ್ಪತ್ತೈದಾದ್ರೂ ಇರ್ಬೇಕು. ಗುಳಿಗೆ ಕೊಡ್ತೀನಿ, ಅದರ ಜೊತೆ ಚಹಾ ಕುಡಿಬೇಡಿ. ತುಂಬೋಕೆ ತಿಂಗಳುಗಳೇ ಬೇಕು." ಆಮೇಲೆ ಅವಳ ಮುಖ ದಿಟ್ಟಿಸಿದರು. "ಯಾಕೆ, ಕಣ್ಣು ಎಳೀತಿದೆ? ಬಾಯಿ ಒಣಗಿದ್ಯಾ?"

"ಅದು ಧೂಳಿನ ಮಾತ್ರೆದು ಇರ್ಬೇಕು" ಎಂದಳು ಓರಗಿತ್ತಿ.

ಡಾಕ್ಟರಮ್ಮನ ಪೆನ್ನು ನಿಂತಿತು. "ಮಾತ್ರೆ ಇಲ್ಲ ಅಂದಿದ್ರಿ."

"ಅದು ಮಾತ್ರೆ ಅಲ್ಲ ಡಾಕ್ಟ್ರೇ, ಪೆಟ್ಟಿಗೆದು" ಎಂದಳು ಜೇಬಕ್ಕ.

ಓರಗಿತ್ತಿ ಚೀಲದಿಂದ ಹಳದಿ ಮಾತ್ರೆಯ ಹಾಳೆ ತೆಗೆದಳು. ಡಾಕ್ಟರಮ್ಮ ಹೆಸರು ಓದಿ ಅದನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ಇದು ನಿದ್ದೆ ಬರಿಸುತ್ತೆ, ನಿಜ. ಆದ್ರೆ ಈ ಕಾಲುಗಳನ್ನ ಕೆರಳಿಸೋದ್ರಲ್ಲಿ ಇದನ್ನ ಮೀರಿಸೋದು ಕಮ್ಮಿ. ಎಷ್ಟು ದಿನದಿಂದ?"

"ಒಂದು ವರ್ಷ" ಎಂದಳು ಓರಗಿತ್ತಿ. "ಇವತ್ತೂ ನಾನೇ ಕೊಟ್ಟೆ. ಬೆರಳೇ ಹೋಗ್ತಿತ್ತಲ್ಲ ಅಕ್ಕ."

ಜೇಬಕ್ಕನಿಗೆ ಬೈಯಬೇಕೆನಿಸಿತು. ತನ್ನ ನಿದ್ದೆಗಾಗಿ ದಿನಾ ನೆನಪಿಟ್ಟು ಮಾತ್ರೆ ತಂದವಳು ಮನೆಯಲ್ಲಿ ಅವಳೊಬ್ಬಳೇ ಎಂಬುದೂ ನೆನಪಾಯಿತು. "ಹೋಗಿಲ್ವಲ್ಲ" ಎಂದು ಹತ್ತು ಬೆರಳನ್ನೂ ಅವಳ ಮುಂದೆ ಬಿಡಿಸಿದಳು. "ನಾಳೆ ಆ ಕೀಲಿ ವಾಪಸ್ ಕೊಟ್ಬಿಡು."

ಡಾಕ್ಟರಮ್ಮ ಪತ್ರ ಬರೆದರು: ಈಕೆಯ ತೊಂದರೆಗೆ ಚಿಕಿತ್ಸೆ ಆರಂಭವಾಗಿದೆ, ನಿಂತು ಕೆಲಸ ಮಾಡಲು ಅವಕಾಶ ಕೊಡತಕ್ಕದ್ದು.

"ಮೊಹರು ಹಾಕಿಸ್ಕೊಡ್ತೀನಿ, ಐದು ನಿಮಿಷ. ಕೂತಿರಿ."

"ನಿಂತೇ ಇರ್ತೀನಿ ಡಾಕ್ಟ್ರೇ" ಎಂದಳು ಜೇಬಕ್ಕ.