ಮೀಸಲು ಟಗರಿಗೆ ಸೂಜಿ

ನಮ್ಮನೆಯವರ ಜೊತೆ ಬಾಳುವೆ ಮಾಡಿ ನನ್ನ ತಲೆ ಅರ್ಧ ನೆರೆತಿದೆ, ಉಳಿದರ್ಧ ಕುರಿಗಳಿಂದ. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೊಳಕಾಲ್ಮೂರಿನಿಂದ ದನದ ಡಾಕ್ಟರು ಮುರುಗೇಂದ್ರಪ್ಪ ಐಸು ತುಂಬಿದ ಥರ್ಮಾಸು ನೇತುಹಾಕಿಕೊಂಡು ಲೂನಾದಲ್ಲಿ ನಮ್ಮ ಕೊಂಡ್ಲಹಳ್ಳಿಗೆ ಬಂದು ಕರುಳುಬೇನೆಗೆ ಸೂಜಿ ಹಾಕುತ್ತಾರೆ. ಎಳೆ ಹುಲ್ಲು ಹೊಟ್ಟೆ ಬಿರಿಯುವಂತೆ ತಿಂದ ಕುರಿ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವ ಬೇನೆ ಅದು. ಇಷ್ಟೆಲ್ಲ ಗೊತ್ತಿದ್ದೂ ಒಂದು ವರ್ಷ ನಮ್ಮನೆಯವರು ಮನೆದೇವರಿಗೆ ಬಿಟ್ಟ ಮೀಸಲು ಟಗರನ್ನು ಹಿತ್ತಲ ಕೊಟ್ಟಿಗೆಯಲ್ಲಿ ಬಚ್ಚಿಟ್ಟರು.

“ದೇವರಿಗೆ ಬಿಟ್ಟಿದ್ದು ಊನ ಆಗಬಾರ್ದು. ಸೂಜಿ ಚುಚ್ಚಿದ್ರೆ ಊನ ಅಲ್ವೇನು?”

“ಸತ್ತ ಟಗರು ಕೊಟ್ರೆ ದೇವರು ತಗಂತಾನಾ?” ಎಂದೆ.

“ಸುಮ್ಕಿರು ಸೂರಮ್ಮ, ನಿಂಗೇನ್ ಗೊತ್ತು!”

ಗೊತ್ತಿಲ್ಲವಂತೆ! ಕುರಿ ಕೂಡುವ ರೊಪ್ಪದ ಕಸ ಬಳಿಯುವವಳು ನಾನು, ಮರಿಗಳಿಗೆ ಔಷಧಿ ಕುಡಿಸುವವಳು ನಾನು. ಮೈಯೆಲ್ಲ ಉರಿಯಿತು. ಡಾಕ್ಟರ ಟೀಗೆ ಹಾಲು ತನ್ನಿ ಎಂದು ಅವರನ್ನು ದುರುಗಕ್ಕನ ಮನೆಗೆ ಅಟ್ಟಿ, ವಾಪಸು ಬರುವಷ್ಟರಲ್ಲಿ ಟಗರಿಗೂ ಸೂಜಿ ಹಾಕಿಸಿಬಿಟ್ಟೆ.

ಆ ಸಲ ಒಳ್ಳೆ ಮಳೆ ಹುಯ್ದು ಅಡವಿಯೆಲ್ಲ ಹಸಿರಾಯಿತು. ಪಕ್ಕದ ಚಿಕ್ಕೀರಪ್ಪ ಸೂಜಿ ಹಾಕಿಸಿರಲಿಲ್ಲ. ಅವನ ಕುರಿಗಳು ಬೀಳತೊಡಗಿದವು. ನಮ್ಮ ರೊಪ್ಪದಲ್ಲಿ ಒಂದೂ ಬೀಳಲಿಲ್ಲ. ನಮ್ಮನೆಯವರು ಟಗರಿನ ಬೆನ್ನು ಸವರುತ್ತಾ ಊರಿಗೆಲ್ಲ ಸಾರಿದರು: “ಸೂಜಿ ಇಲ್ದೇನೇ ಕಲ್ಲಿದ್ದಂಗೈತೆ! ದೇವರು ಕಾಯ್ತಾನೆ. ಮುಂದಿನ ವರ್ಷ ಯಾವ ಕುರಿಗೂ ಸೂಜಿ ಬ್ಯಾಡ.”

ಹೇಳಿದಂತೆಯೇ ಮಾಡಿದರು. ಮರುವರ್ಷ ಡಾಕ್ಟರು ಬಂದಾಗ ರೊಪ್ಪದ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. ನಾನು ಬಾಯಿಬಿಟ್ಟರೆ ಹರಕೆ ಕೆಡುತ್ತದೆ, ಬಿಡದಿದ್ದರೆ ರೊಪ್ಪವೇ ಖಾಲಿಯಾಗುತ್ತದೆ. ಥೂ, ಎಂಥ ಇಕ್ಕಟ್ಟು!

“ಆ ಟಗರಿಗೂ ಹೋದ ವರ್ಷ ಸೂಜಿ ಹಾಕ್ಸೀನಿ,” ಎಂದೆ. “ಅದ್ಕೇ ಉಳಿದೈತೆ.”

ಅವರು ಡಾಕ್ಟರ ಮುಖ ನೋಡಿದರು. ಡಾಕ್ಟರು ಹೌದೆಂದು ತಲೆಯಾಡಿಸಿದರು.

“ನಾನೆಲ್ಲಿದ್ದೆ ಆವಾಗ?”

“ಹಾಲಿಗೆ ಹೋಗಿದ್ರಿ.”

ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಮುಖ ಮಾತ್ರ ನೋಡಲಾಗಲಿಲ್ಲ. ಕೊನೆಗೆ ಎದ್ದು ಬಾಗಿಲು ತೆಗೆದರು. “ಹಾಕ್ರಿ, ಎಲ್ಲಕ್ಕೂ ಹಾಕ್ರಿ.”

ನಾನು ಉಸಿರು ಬಿಡುವಷ್ಟರಲ್ಲಿ, ನಾನೇ ಬಾಟ್ಲಿ ಹಾಲು ಕುಡಿಸಿ ಸಾಕಿದ ತಬ್ಬಲಿ ಟಗರುಮರಿಯನ್ನು ಕಂಬಳಿಯೊಳಗೆ ಎತ್ತಿಕೊಂಡು ಕೊಟ್ಟಿಗೆ ಕಡೆ ನಡೆದರು.

“ಅದ್ಯಾಕೆ?”

“ದೇವರಿಗೆ ಇನ್ಮ್ಯಾಲೆ ಇದು. ಇದಕ್ಕೆ ಸೂಜಿ ಬ್ಯಾಡ.”

ಹಣೆ ಚಚ್ಚಿಕೊಂಡೆ. ಆಮೇಲೆ ಮುಖದ ಮೇಲೆ ನಗು ತಂದುಕೊಂಡು, “ಡಾಕ್ಟ್ರಿಗೆ ಟೀ ಕಾಸ್ತೀನಿ, ಒಂಚೂರು ಹಾಲು ತರ್ರಿ,” ಎಂದೆ.

ಅವರು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೊಟ್ಟಿಗೆ ಬಾಗಿಲಲ್ಲೇ ಕೂತರು.

“ಈ ಸಲ ಹಾಲಿಲ್ದ ಟೀನೇ ಕೊಡು.”