ಅಕ್ಕನ ಗಿಡದ ಬೀಜ

ಅಕ್ಕ ನೆಟ್ಟಿದ್ದ ಬಾಟಲ್ ಬ್ರಷ್ ಗಿಡದ ಬೇರು ಚರಂಡಿಯ ಪೈಪಿಗೆ ನುಗ್ಗಿ, ಕೊನೆಗೆ ಪ್ಲಂಬರ್ ಅದನ್ನು ಬುಡಸಮೇತ ಕಿತ್ತ. ಹೊರದೇಶದಿಂದ ಬಂದ ಜಾತಿಯಾದರೂ ಯಾರ ಉಪಚಾರವನ್ನೂ ಕೇಳದೆ ವರ್ಷಾವರ್ಷ ಕೆಂಪು ಕುಂಚಗಳನ್ನು ತೂಗಿಬಿಡುತ್ತಿತ್ತು. ಅಕ್ಕ ತೀರಿಕೊಂಡ ಮೇಲೆ ತಂಗಿಗೆ ಉಳಿದಿದ್ದು ಅದೊಂದೇ. ಕಡ್ಡಿ ಕತ್ತರಿಸಿ ನೆಟ್ಟಳು, ಎಲ್ಲ ಕೊಳೆತವು. ಇನ್ನು ಬೀಜವೇ ಗತಿ.

ಆ ಬೀಜವೋ, ಮಹಾ ಹಟಮಾರಿ. ಕೊಂಬೆಗೆ ಅಂಟಿದ ಗಟ್ಟಿ ಕಾಯಿಗಳೊಳಗೆ ವರ್ಷಗಟ್ಟಲೆ ಕೂತಿರುತ್ತದೆ. ಕೊಂಬೆಯನ್ನು ಕಾಗದದ ಚೀಲದಲ್ಲಿಟ್ಟು ಒಣಗಿಸಿದರೆ ಕಾಯಿ ಬಿರಿದು ನಶ್ಯದಂಥ ಪುಡಿ ಉದುರುತ್ತದೆ, ಅದೇ ಬೀಜ. ಅವಳು ಹಾಗೇ ಮಾಡಿ, ಕುಂಡಕ್ಕೆ ಮರಳು ಬೆರೆಸಿದ ಮಣ್ಣು ತುಂಬಿ, ಕೈ ತೊಳೆದು ಬರುವಷ್ಟರಲ್ಲಿ ಗಂಡ ಚೀಲಕ್ಕೆ ಕೈ ಹಾಕಿದ್ದ.

ಗಂಡ ಜೀವಮಾನವಿಡೀ ಕಿರಾಣಿ ಅಂಗಡಿ ನಡೆಸಿದವನು. ಅಂಗಡಿ ಮುಚ್ಚಿದರೂ ಚಾಳಿ ಬಿಟ್ಟಿರಲಿಲ್ಲ. ಕಾಗದದ ಚೀಲ ಕಂಡರೆ ಬಾಯಗಲಿಸಿ ಊದಲೇಬೇಕು. ಹಿತ್ತಲ ಬಾಗಿಲಲ್ಲಿ ನಿಂತು, ಒಣಕಡ್ಡಿಗಳನ್ನು ಎತ್ತಿ ಎಸೆದು, ಬಟಾಣಿ ತುಂಬಲೆಂದು ‘ಫೂ’ ಎಂದು ಊದಿಯೇಬಿಟ್ಟ. ಪುಡಿಯೆಲ್ಲ ಹಾರಿ ಹಿತ್ತಲ ಪಾಲಾಯಿತು.

“ರೀ! ಅಯ್ಯೋ, ಏನ್ ಮಾಡಿದ್ರಿ!”

“ಧೂಳಿತ್ತು ಕಣೇ, ಊದಿದೆ.”

“ನಮ್ಮಕ್ಕನ ಗಿಡ ಕಣ್ರೀ, ಅಷ್ಟೂ ಅದ್ರಲ್ಲೇ ಇತ್ತು!”

ಅವಳ ಮೈಯೆಲ್ಲ ಉರಿದುಹೋಯಿತು. ಇಂಥವನನ್ನು ಕಟ್ಟಿಕೊಂಡು ಏಗಬೇಕಲ್ಲ! “ಇವತ್ತಿಂದ ನಿಮ್ಮ ಬಟ್ಟೆ ನೀವೇ ಒಗ್ಕೊಳ್ಳಿ” ಎಂದವಳು ತನ್ನದನ್ನು ಬಚ್ಚಲಲ್ಲೇ ಹಿಂಡಿಕೊಂಡು, ಹಿತ್ತಲಿನ ಒಗೆಯುವ ಕಲ್ಲಿನ ಕಡೆ ತಲೆಯನ್ನೂ ಹಾಕಲಿಲ್ಲ.

ಅವನು ಒಗೆಯುವ ಚೆಂದ ಕೇಳಬೇಕೆ? ಸೋಪು ಹಚ್ಚುವುದೇ ಮರೆತು ಬಕೆಟ್ಟುಗಟ್ಟಲೆ ನೀರು ಸುರಿಯುತ್ತಿದ್ದ. ಕಲ್ಲು ಉಜ್ಜುವುದಂತೂ ಅವರಪ್ಪನಾಣೆಗೂ ಗೊತ್ತಿಲ್ಲ. ಕಲ್ಲಿನ ಬುಡವೆಲ್ಲ ಪಾಚಿಗಟ್ಟಿತು. ಕಿಟಕಿಯಿಂದ ನೋಡಿ ನೋಡಿ ಸಾಕಾಗಿ, ಕೊನೆಗೊಂದು ದಿನ ಅವಳು ಬ್ರಷ್ಷು ಹಿಡಿದು, ಗೊಣಗುತ್ತ ಹೋಗಿ ಕುಕ್ಕರುಗಾಲಲ್ಲಿ ಕೂತಳು.

ಎತ್ತಿದ ಕೈ ಅಲ್ಲೇ ನಿಂತಿತು. ಪಾಚಿಯ ನಡುವೆ ಪುಟ್ಟ ಪುಟ್ಟ ಸಸಿಗಳು; ಒಂದೆರಡರಲ್ಲಿ ಆಗಲೇ ಚೂಪಾದ ಎಲೆ, ಅಕ್ಕನ ಗಿಡದ ಚಿಗುರಿನ ತದ್ರೂಪು. ಅವಳ ಕಣ್ಣು ತುಂಬಿ ಬಂತು. ಇದೂ ಇವನಿಂದಲೇ ಆಯಿತಲ್ಲ ಎಂದು ಸಿಟ್ಟೂ ಬಂತು.

ಹಿಂದೆ ಗಂಡ ಬಕೆಟ್ ಹಿಡಿದು ನಿಂತಿದ್ದ. “ಇನ್ನೂ ಕೋಪಾನಾ? ತಪ್ಪಾಯ್ತು ಕಣೇ. ಕೊಡು ಬ್ರಷ್ಷು, ನಾನೇ ಉಜ್ತೀನಿ.”

“ಮುಟ್ಟಿದ್ರೆ ನೋಡಿ!” ಅವಳು ಬ್ರಷ್ಷನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. “ಇವು ಗೇಣುದ್ದ ಆಗೋವರೆಗೂ ಬಟ್ಟೆ ನೀವೇ ಒಗೀಬೇಕು. ಈಗ ಒಗೀತಿದ್ದೀರಲ್ಲ, ಹಾಗೇ, ಕೆಟ್ಟದಾಗಿ.”